ರಾತ್ರಿ ಎರಡು ಗಂಟೆಗೂ ಫೋನ್ ಎತ್ತುವವರು

ಹೋದ ವಾರ ಚಿಕ್ಕಮ್ಮ ಫೋನ್ ಮಾಡಿದ್ದರು. ಮಾತಿನ ಮಧ್ಯೆ ಕೇಳಿದರು, "ಅಲ್ವೇ, ಇನ್ನೂ ಆ ಹೆಣ ಇಡೋ ಮನೇಲೇ ಕೆಲಸ ಮಾಡ್ತಿದೀಯಾ? ಅಷ್ಟು ಓದಿದವಳಿಗೆ ಬೇರೆ ಕೆಲಸ ಸಿಗಲಿಲ್ವಾ?" ಅವರು ಕಾಳಜಿಯಿಂದಲೇ ಕೇಳಿದ್ದು. ಆದರೆ ನನಗೆ ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಇದೇ ಪ್ರಶ್ನೆ ಮನಸ್ಸಿನಲ್ಲಿ ಇಟ್ಟುಕೊಂಡವರು ಇಲ್ಲೂ ಸುಮಾರು ಜನ ಇದ್ದೀರಿ ಅಂತ ಗೊತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಬಿಡುವು ಮಾಡಿಕೊಂಡು ಓದಿ.

ನಾನಿರುವುದು ಅಮೆರಿಕದ ಒಹಾಯೊ ರಾಜ್ಯದ ಒಂದು ಸಣ್ಣ ಊರಲ್ಲಿ. ಸುತ್ತ ಮುಸುಕಿನ ಜೋಳದ ಹೊಲ, ಸೋಯಾ ಹೊಲ. ಮುಖ್ಯ ರಸ್ತೆಯಲ್ಲಿ ಎರಡು ಮಹಡಿಯ ಹಳೇ ಬಿಳಿ ಮನೆಯೊಂದಿದೆ. ಮುಂದೆ ಅಗಲವಾದ ಜಗಲಿ, ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗ. ಅದೇ ಊರಿನ ಫ್ಯೂನರಲ್ ಹೋಮ್, ಅಂದರೆ ಸತ್ತವರನ್ನು ಸಿದ್ಧಪಡಿಸಿ ಅಂತ್ಯಕ್ರಿಯೆ ನಡೆಸಿಕೊಡುವ ಮನೆ. ನಾಲ್ಕು ತಲೆಮಾರಿನಿಂದ ಒಂದೇ ಕುಟುಂಬ ನಡೆಸುತ್ತಿದೆ. ಮೂರು ವರ್ಷದಿಂದ ವಾರಕ್ಕೆ ಮೂರು ದಿನ ನಾನು ಅಲ್ಲಿ ಆಫೀಸ್ ಕೆಲಸ ನೋಡಿಕೊಳ್ಳುತ್ತೇನೆ.

ಮೊದಲ ಸಲ ನಾನು ಆ ಮನೆಯ ಮೆಟ್ಟಿಲು ಹತ್ತಿದ್ದು ಕೆಲಸ ಕೇಳಲು ಅಲ್ಲ. ಮಾವ ತೀರಿಕೊಂಡಾಗ.

ಮಾವ ನಮ್ಮ ಜೊತೆ ಇರಲು ಬಂದು ಎರಡು ವರ್ಷವಾಗಿತ್ತು. ಕ್ಯಾನ್ಸರ್. ಕೊನೆಯ ಆರು ವಾರ ಹಾಸ್ಪೈಸ್‌ನವರು, ಅಂದರೆ ಗುಣವಾಗದ ರೋಗಿಗಳನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವವರು, ಮನೆಗೇ ಬಂದು ನೋಡಿಕೊಂಡರು. ಜನವರಿಯ ಒಂದು ರಾತ್ರಿ ಅವರ ಉಸಿರು ನಿಂತಿತು. ನರ್ಸ್ ಬಂದರು, ನೋಡಿದರು, ಸಮಯ ಬರೆದುಕೊಂಡರು. "ಯಾವ ಫ್ಯೂನರಲ್ ಹೋಮ್‌ಗೆ ಹೇಳಲಿ?" ಅಂತ ಕೇಳಿದರು. ನಮಗೆ ಏನೂ ಗೊತ್ತಿರಲಿಲ್ಲ. ಮಗಳನ್ನು ಸ್ಕೂಲಿಗೆ ಬಿಡುವಾಗ ದಿನಾ ಕಾಣುತ್ತಿದ್ದ ಆ ಬಿಳಿ ಮನೆಯ ಹೆಸರು ಹೇಳಿದೆ, ಅಷ್ಟೇ.

ಆಗ ರಾತ್ರಿ ಎರಡು ಗಂಟೆ. ಎರಡನೇ ರಿಂಗಿಗೇ ಮಾಲೀಕರು ಫೋನ್ ಎತ್ತಿದರು. ಮುಕ್ಕಾಲು ಗಂಟೆಯೊಳಗೆ, ಹಿಮ ಬೀಳುತ್ತಿದ್ದಾಗಲೇ, ಇಬ್ಬರು ಬಂದರು. ಒಬ್ಬರು ಮಾಲೀಕರೇ. ಆ ಹೊತ್ತಿನಲ್ಲೂ ಕೋಟು, ಟೈ. ಇನ್ನೊಬ್ಬರು ನಿವೃತ್ತರಾದ ಮೇಷ್ಟ್ರು, ಅವರಿಗೆ ನೆರವಾಗಲು ಬರುವವರು. ಬೂಟು ಬಾಗಿಲಲ್ಲೇ ಬಿಚ್ಚಿದರು. ನೇರ ಅತ್ತೆಯ ಹತ್ತಿರ ಹೋಗಿ ಕೆಳಗೆ ಕೂತು, "ಅವರ ಹೆಸರು ಹೇಗೆ ಹೇಳಬೇಕು?" ಅಂತ ಕೇಳಿ, ಎರಡು ಮೂರು ಸಲ ಹೇಳಿಸಿಕೊಂಡು ಕಲಿತರು. ಆಮೇಲೆ ಮಾವನನ್ನು ಹೆಸರು ಹಿಡಿದೇ ಮಾತನಾಡಿಸಿದರು. "ಈಗ ನಿಮ್ಮನ್ನು ಎತ್ತುತ್ತೇವೆ" ಅಂತ ಅವರಿಗೇ ಹೇಳಿ ಎತ್ತಿದರು. ಮುಖ ಮುಚ್ಚಬಹುದಾ, ಬೇಡವಾ ಅಂತ ಅತ್ತೆಯನ್ನು ಕೇಳಿದರು. ಅತ್ತೆ ಬೇಡ ಅಂದರು. ಮುಚ್ಚಲಿಲ್ಲ.

ಅವರು ಹೋದ ಮೇಲೆ ನಾನು ಕೋಣೆಗೆ ಹೋದೆ. ಹಾಸಿಗೆ ಒಪ್ಪವಾಗಿತ್ತು. ಚಾದರ ಎಳೆದು ಕಟ್ಟಿದ್ದರು. ದಿಂಬು ನೇರವಾಗಿಟ್ಟಿದ್ದರು. ಮಾವ ಮಲಗಿದ್ದ ಗುಳಿ ಕೂಡ ಕಾಣದ ಹಾಗೆ ಕಂಬಳಿ ಮಡಿಸಿಟ್ಟಿದ್ದರು. ಅತ್ತೆ ಆ ಕೋಣೆಗೆ ಬೆಳಿಗ್ಗೆ ಮತ್ತೆ ಬರಬೇಕು ಅನ್ನುವುದನ್ನು ಅವರು ಯೋಚಿಸಿದ್ದರು. ನಾವು ಯಾರೂ ಯೋಚಿಸಿರಲಿಲ್ಲ.

ಮರುದಿನ ಮಾಲೀಕರು ಒಂದು ನೋಟ್‌ಬುಕ್ ಹಿಡಿದು ಕೂತು, "ನಿಮ್ಮಲ್ಲಿ ಹೇಗೆ ಮಾಡುತ್ತೀರಿ, ನನಗೆ ಹೇಳಿಕೊಡಿ" ಅಂದರು. ಮನೆಯವರೇ ಸ್ನಾನ ಮಾಡಿಸಬೇಕು ಅಂದೆವು. ಬಿಸಿನೀರು, ಟವೆಲ್ ಜೋಡಿಸಿಟ್ಟು ಪಕ್ಕದಲ್ಲೇ ನಿಂತರು. ಪಂಚೆ ಉಡಿಸಲು ಎತ್ತಿ ಹಿಡಿದರು. ಕ್ರಿಮೇಷನ್, ಅಂದರೆ ದಹನ, ಆದ ಕಡೆ ನನ್ನ ಗಂಡ ಬಟನ್ ಒತ್ತುವಾಗ ಕೈ ನಡುಗಿತು. ಮಾಲೀಕರು ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಆ ದಿನದಿಂದ ಆ ಮನೆಯ ಋಣ ನನ್ನ ಮೇಲಿದೆ ಅನ್ನಿಸಿತು. ಆರು ತಿಂಗಳ ನಂತರ ಅವರ ಆಫೀಸಿಗೆ ಜನ ಬೇಕು ಅಂತ ಗೊತ್ತಾದಾಗ ನಾನೇ ಹೋಗಿ ಕೇಳಿದೆ.

ಸೇರಿದ ಮೇಲೆ ಹಳೇ ಲೆಕ್ಕದ ಪುಸ್ತಕಗಳನ್ನು ನೋಡಿದೆ. ಅಟ್ಟದಲ್ಲಿ ಒಂದು ಪೆಟ್ಟಿಗೆ ತುಂಬ ಇವೆ. ಮೊದಲ ಪುಸ್ತಕಗಳಲ್ಲಿ ಕುರ್ಚಿ, ಮೇಜು, ತೊಟ್ಟಿಲು, ಶವಪೆಟ್ಟಿಗೆ ಎಲ್ಲ ಒಂದೇ ಪುಟದಲ್ಲಿವೆ. ಇವರ ಮುತ್ತಜ್ಜ ಬಡಗಿ. ಅಮೆರಿಕದ ಎಷ್ಟೋ ಸಣ್ಣ ಊರುಗಳಲ್ಲಿ ಈ ಕೆಲಸ ಶುರುವಾದದ್ದೇ ಹೀಗೆ. ಮರದ ಸಾಮಾನು ಮಾಡುವವನೇ ಪೆಟ್ಟಿಗೆಯನ್ನೂ ಮಾಡಿಕೊಡುತ್ತಿದ್ದ. ಕುದುರೆ ಗಾಡಿ ಬಾಡಿಗೆಗೆ ಕೊಡುವವನು ಸ್ಮಶಾನದವರೆಗೆ ಗಾಡಿ ಕೊಡುತ್ತಿದ್ದ. ದೇಹವನ್ನು ತೊಳೆದು ಬಟ್ಟೆ ಹಾಕುವುದು ನೆರೆಮನೆಯ ಹೆಂಗಸರ ಕೆಲಸ. ಮನೆಯ ಮುಂದಿನ ಕೋಣೆಯಲ್ಲೇ ಇಡುತ್ತಿದ್ದರು, ಅಲ್ಲಿಂದಲೇ ಹೊರಡುತ್ತಿತ್ತು. ನಿಧಾನಕ್ಕೆ ಬಡಗಿ ಇದೆಲ್ಲವನ್ನೂ ತಾನೇ ವಹಿಸಿಕೊಳ್ಳತೊಡಗಿದ. ಇಂಗ್ಲಿಷಿನ 'ಅಂಡರ್‌ಟೇಕರ್' ಅನ್ನುವ ಪದದ ಅರ್ಥವೇ ವಹಿಸಿಕೊಳ್ಳುವವನು.

ಎಂಬಾಮಿಂಗ್, ಅಂದರೆ ದೇಹ ಕೆಡದಂತೆ ರಕ್ತನಾಳದ ಮೂಲಕ ಔಷಧ ಹಾಯಿಸುವ ಪದ್ಧತಿ, ಇಲ್ಲಿ ಬೇರೂರಿದ್ದು 1861ರಿಂದ 1865ರವರೆಗಿನ ಅಂತರ್ಯುದ್ಧದ ಕಾಲದಲ್ಲಿ. ಉತ್ತರದ ಹುಡುಗರು ದಕ್ಷಿಣದ ರಣರಂಗದಲ್ಲಿ ಸಾಯುತ್ತಿದ್ದರು. ತಾಯಂದಿರಿಗೆ ಮಗನ ಮುಖ ಒಮ್ಮೆ ನೋಡಬೇಕು. ರೈಲಿನಲ್ಲಿ ಎಷ್ಟೋ ದಿನದ ದಾರಿ. ಡಾ. ಥಾಮಸ್ ಹೋಮ್ಸ್ ಅನ್ನುವವರು ಯುದ್ಧದ ಸಮಯದಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ದೇಹಗಳನ್ನು ಹೀಗೆ ಸಿದ್ಧಪಡಿಸಿದ್ದಾಗಿ ಹೇಳಿಕೊಂಡಿದ್ದರು. 1865ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಲಿಂಕನ್ ಹತ್ಯೆಯಾಯಿತು. ಅವರ ದೇಹ ಹೊತ್ತ ರೈಲು ಏಪ್ರಿಲ್ 21ರಂದು ವಾಷಿಂಗ್ಟನ್ ಬಿಟ್ಟು, ಊರೂರಲ್ಲಿ ನಿಲ್ಲುತ್ತಾ, ಮೇ 3ಕ್ಕೆ ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್ ತಲುಪಿತು. ನಮ್ಮ ಒಹಾಯೊದ ಕ್ಲೀವ್‌ಲ್ಯಾಂಡ್, ಕೊಲಂಬಸ್‌ನಲ್ಲೂ ನಿಂತಿತ್ತು. ಲಕ್ಷಾಂತರ ಜನ ಸಾಲಿನಲ್ಲಿ ನಿಂತು ಆ ಮುಖ ನೋಡಿದರು. ಇಷ್ಟು ದಿನ ದೇಹ ಇಡಬಹುದು ಅನ್ನುವುದು ಮಾಮೂಲಿ ಜನಕ್ಕೆ ಗೊತ್ತಾದದ್ದೇ ಆಗ.

ಆಗ ಹೆಚ್ಚಾಗಿ ಬಳಸುತ್ತಿದ್ದದ್ದು ಪಾಷಾಣ, ಅಂದರೆ ಆರ್ಸೆನಿಕ್. ಆಮೇಲೆ ಫಾರ್ಮಾಲಿನ್ ಬಂತು. 1882ರಲ್ಲಿ ಸಿನ್ಸಿನಾಟಿಯಲ್ಲಿ ಈ ವಿದ್ಯೆಗೇ ಒಂದು ಶಾಲೆ ಶುರುವಾಯಿತು. ಅದೇ ವರ್ಷ ಈ ವೃತ್ತಿಯವರ ಸಂಘ, ನ್ಯಾಷನಲ್ ಫ್ಯೂನರಲ್ ಡೈರೆಕ್ಟರ್ಸ್ ಅಸೋಸಿಯೇಷನ್, ಹುಟ್ಟಿತು. 1894ರಲ್ಲಿ ವರ್ಜೀನಿಯಾ ರಾಜ್ಯ ಮೊದಲ ಸಲ ಲೈಸೆನ್ಸ್ ಕಡ್ಡಾಯ ಮಾಡಿತು. ಮನೆಗಳು ಚಿಕ್ಕದಾದವು, ಜನ ಆಸ್ಪತ್ರೆಗಳಲ್ಲಿ ಸಾಯತೊಡಗಿದರು, ದೇಹ ಮನೆಗೆ ಬರುವುದು ಕಮ್ಮಿಯಾಯಿತು. ಆಗ ಊರಿನ ಬಡಗಿಯ ಮಗ ಮುಖ್ಯ ರಸ್ತೆಯ ದೊಡ್ಡ ಮನೆ ಕೊಂಡ. ಕೆಳಗೆ ಸಾವಿನ ಮನೆ, ಮೇಲೆ ಸಂಸಾರ. ನಮ್ಮ ಮಾಲೀಕರೂ ಆ ಮಹಡಿಯ ಮೇಲೇ ಬೆಳೆದವರು. ಕೆಳಗೆ ಜನ ಬಂದಿರುವಾಗ ಓಡಬಾರದು, ಜೋರಾಗಿ ನಗಬಾರದು, ಈರುಳ್ಳಿ ಹುರಿಯಬಾರದು. ಇದು ಅವರಮ್ಮ ಹೇಳಿಕೊಟ್ಟ ಪಾಠವಂತೆ.

ನನಗೆ ತುಂಬ ಆಶ್ಚರ್ಯವಾದದ್ದು ಆಂಬುಲೆನ್ಸ್ ವಿಷಯ. 1970ರ ದಶಕದವರೆಗೂ ಇಲ್ಲಿನ ಎಷ್ಟೋ ಊರುಗಳಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದದ್ದು ಫ್ಯೂನರಲ್ ಹೋಮ್‌ನವರೇ. ಕಾರಣ ಸರಳ. ಮನುಷ್ಯನನ್ನು ಉದ್ದಕ್ಕೆ ಮಲಗಿಸಿಕೊಂಡು ಹೋಗುವ ವಾಹನ ಊರಲ್ಲಿ ಇದ್ದದ್ದು ಅವರ ಹತ್ತಿರ ಮಾತ್ರ. ದೇಶದ ಅರ್ಧದಷ್ಟು ಆಂಬುಲೆನ್ಸ್ ಸೇವೆ ನಡೆಸುತ್ತಿರುವುದು ಸುಮಾರು 12,000 ಫ್ಯೂನರಲ್ ಡೈರೆಕ್ಟರ್‌ಗಳು ಅಂತ 1966ರ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ವರದಿಯಲ್ಲಿದೆ. ನಮ್ಮ ರಾಜ್ಯದ ಲೈಮಾ ಊರಿನ ಸುಪೀರಿಯರ್ ಕಂಪನಿ ಶವವಾಹನ, ಆಂಬುಲೆನ್ಸ್ ಎರಡನ್ನೂ ತಯಾರಿಸುತ್ತಿತ್ತು. ಎರಡೂ ಕೆಲಸಕ್ಕೆ ಆಗುವ ಒಂದೇ ಗಾಡಿಯೂ ಇತ್ತು. ಮೇಲೆ ಕೆಂಪು ದೀಪ ಸಿಕ್ಕಿಸಿದರೆ ಆಂಬುಲೆನ್ಸ್, ತೆಗೆದರೆ ಶವವಾಹನ. ಮಾಲೀಕರು ಹದಿನಾರನೇ ವಯಸ್ಸಿನಲ್ಲಿ ಅಪ್ಪನ ಜೊತೆ ಹೆರಿಗೆ ನೋವಿನ ಹೆಂಗಸನ್ನು ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಮಗು ಹುಟ್ಟಿತಂತೆ. ಆ ಮಗು ಈಗ ಊರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದೆ. ಕಾನೂನು ಬಿಗಿಯಾಯಿತು, ತರಬೇತಿ ಪಡೆದ ಸಿಬ್ಬಂದಿ ಬೇಕಾಯಿತು, ಆಮೇಲೆ ಇವರು ಬಿಟ್ಟರು. ಅದು ಒಳ್ಳೆಯದೇ ಆಯಿತು, ಜೀವಗಳು ಉಳಿದವು. ಆದರೆ ಆ ಕಾಲದಲ್ಲಿ ಬೇರೆ ಯಾರೂ ಇರಲಿಲ್ಲ, ಇವರಿದ್ದರು.

ಈಗ ನಮ್ಮಲ್ಲಿ ಕೆಲಸ ಮಾಡುವವರ ಬಗ್ಗೆ ಹೇಳುತ್ತೇನೆ. ಹೊರಗಿನವರಿಗೆ ಕಾಣುವುದು ಕಪ್ಪು ಕೋಟಿನ ಒಬ್ಬರು ಮಾತ್ರ.

ಒಳಗೆ ಮೂವತ್ತು ವರ್ಷದಿಂದ ಎಂಬಾಮಿಂಗ್ ಮಾಡುವವರೊಬ್ಬರಿದ್ದಾರೆ. ಮಾತು ಕಮ್ಮಿ. ಅವರ ಕೋಣೆಗೆ ಯಾರೂ ಬಾಗಿಲು ತಟ್ಟದೆ ಹೋಗುವಂತಿಲ್ಲ, ಮಾಲೀಕರೂ ಕೂಡ. ಒಳಗಿರುವವರ ಮಾನ ಕಾಯಬೇಕು ಅನ್ನುತ್ತಾರೆ. ಹೋದ ವರ್ಷ ರಸ್ತೆ ಅಪಘಾತದಲ್ಲಿ ಹತ್ತೊಂಬತ್ತರ ಹುಡುಗ ಹೋದ. ಮುಖ ತೋರಿಸುವ ಸ್ಥಿತಿಯಲ್ಲಿರಲಿಲ್ಲ. ತಾಯಿ ನೋಡಲೇಬೇಕು ಅಂದರು. ಇವರು ಹದಿನಾಲ್ಕು ಗಂಟೆ ಆ ಕೋಣೆಯಿಂದ ಹೊರಗೆ ಬರಲಿಲ್ಲ, ಊಟಕ್ಕೂ ಬರಲಿಲ್ಲ. ಸ್ಕೂಲಿನ ಫೋಟೋ ಗೋಡೆಗೆ ಅಂಟಿಸಿಕೊಂಡು ಮೇಣದಿಂದ ಕೆನ್ನೆ ಕಟ್ಟಿದರು. ಮರುದಿನ ಆ ತಾಯಿ ಮಗನ ಹಣೆ ಸವರಿದರು. ಎಷ್ಟೋ ಹೊತ್ತು ಸವರುತ್ತಲೇ ಇದ್ದರು. ಈ ಕೆಲಸಕ್ಕೆ ಏನು ಹೆಸರು ಕೊಡಬೇಕು, ಹೇಳಿ.

ಊರಿನ ಸಲೂನ್‌ನ ಒಬ್ಬ ಹೆಂಗಸು ನಮ್ಮಲ್ಲಿ ತಲೆ ಬಾಚಲು ಬರುತ್ತಾರೆ. ವಯಸ್ಸಾದ ಹೆಂಗಸರಲ್ಲಿ ಅರ್ಧಕ್ಕರ್ಧ ಅವರ ಗಿರಾಕಿಗಳೇ. ಬೈತಲೆ ಯಾವ ಕಡೆ ತೆಗೆಯುತ್ತಿದ್ದರು, ಯಾವ ಬಣ್ಣದ ಲಿಪ್‌ಸ್ಟಿಕ್ ಅನ್ನುವುದನ್ನು ಮನೆಯವರನ್ನು ಕೇಳಬೇಕಿಲ್ಲ. ಕೆಲಸ ಮಾಡುವಾಗ ಸಲೂನಿನಲ್ಲಿ ಮಾತಾಡುವ ಹಾಗೇ ಅವರ ಜೊತೆ ಮಾತಾಡುತ್ತಾರೆ. ಮೊದಲ ದಿನ ಕೇಳಿದಾಗ ನನಗೆ ಗಂಟಲು ಕಟ್ಟಿತು.

ಆ ಮೇಷ್ಟ್ರು, ಜೊತೆಗೆ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಬಾಗಿಲು ತೆಗೆಯುವುದು, ಕೊಡೆ ಹಿಡಿಯುವುದು, ಕಾರುಗಳನ್ನು ಸಾಲಾಗಿ ನಿಲ್ಲಿಸುವುದು ಅವರ ಕೆಲಸ. ಹೆಗಲು ಕೊಡಲು ಆರು ಜನ ಇಲ್ಲದ ಸಾವುಗಳೂ ಬರುತ್ತವೆ. ಯಾರೂ ಇಲ್ಲದ ಮುದುಕರು. ಆಗ ಇವರೇ ಹೆಗಲು ಕೊಡುತ್ತಾರೆ. ಪೋಸ್ಟ್‌ಮ್ಯಾನ್‌ಗೆ ಊರಿನ ಎಲ್ಲರ ಮನೆ ಗೊತ್ತು, ಯಾರಿಗೆ ಯಾರಿಂದ ಕಾಗದ ಬರುತ್ತಿತ್ತು ಅಂತ ಗೊತ್ತು. ಒಮ್ಮೆ ದಿಕ್ಕಿಲ್ಲದ ಒಬ್ಬರ ತಂಗಿಯನ್ನು ಅವರ ನೆನಪಿನಿಂದಲೇ ಹುಡುಕಿದೆವು.

ನನ್ನದು ಕಾಗದದ ಕೆಲಸ. ಡೆತ್ ಸರ್ಟಿಫಿಕೇಟ್‌ಗೆ ವಿವರ ತುಂಬುವುದು, ಬ್ಯಾಂಕಿಗೆ ಇನ್ಶೂರೆನ್ಸಿಗೆ ಬೇಕಾದಷ್ಟು ಪ್ರತಿ ತರಿಸುವುದು, ಸರ್ಕಾರದ ಪಿಂಚಣಿ ನೋಡಿಕೊಳ್ಳುವ ಸೋಷಿಯಲ್ ಸೆಕ್ಯುರಿಟಿ ಆಫೀಸಿಗೆ ತಿಳಿಸುವುದು. ಆ ಆಫೀಸು ಬದುಕಿರುವ ಸಂಗಾತಿಗೆ ಒಂದು ಸಲಕ್ಕೆ ಕೊಡುವ ಹಣ 255 ಡಾಲರ್. ಆ ಮಿತಿ 1954ರಿಂದ ಬದಲಾಗಿಲ್ಲ. ಸೈನ್ಯದಲ್ಲಿದ್ದವರಾದರೆ ಪೆಟ್ಟಿಗೆ ಮೇಲೆ ಹೊದಿಸುವ ಬಾವುಟಕ್ಕೆ ಅರ್ಜಿ ಹಾಕುತ್ತೇನೆ. ಸಾವಿನ ಸುದ್ದಿ ಬರೆಯುವುದೂ ನಾನೇ. ಪತ್ರಿಕೆಯವರು ಸಾಲಿನ ಲೆಕ್ಕದಲ್ಲಿ ದುಡ್ಡು ಹಿಡಿಯುತ್ತಾರೆ. ಐವತ್ತು ವರ್ಷ ಜೊತೆಗಿದ್ದ ಗಂಡನ ಬಗ್ಗೆ ಬರೆಸುತ್ತಾ, ಖರ್ಚು ಜಾಸ್ತಿಯಾಗುತ್ತದೆ ಅಂತ ಒಬ್ಬ ಅಜ್ಜಿ "ಮೀನು ಹಿಡಿಯುವುದು ಇಷ್ಟ ಅನ್ನೋದು ತೆಗೆದುಬಿಡು" ಅಂದರು. ನಮ್ಮ ವೆಬ್‌ಸೈಟಿನಲ್ಲಿ ದುಡ್ಡಿಲ್ಲ, ಅಲ್ಲಿ ಮೀನಿನ ಬಗ್ಗೆ ಎಷ್ಟು ಬೇಕಾದರೂ ಹೇಳಿ ಅಂದೆ. ಒಂದು ಗಂಟೆ ಹೇಳಿದರು.

ದುಡ್ಡಿನ ಮಾತು ಬಂತು. ಅದನ್ನು ಮುಚ್ಚಿಡುವುದು ತಪ್ಪು. ಉರಿಯುವ ಮನೆಯಲ್ಲಿ ಗಳ ಹಿರಿಯುವ ಜನ ಈ ವೃತ್ತಿಯಲ್ಲೂ ಇದ್ದರು, ಈಗಲೂ ಇದ್ದಾರೆ. ದುಃಖದಲ್ಲಿರುವವರಿಗೆ ದುಬಾರಿ ಪೆಟ್ಟಿಗೆ ತೋರಿಸಿ, "ಅಪ್ಪನಿಗೆ ಇಷ್ಟೂ ಮಾಡಲ್ವಾ" ಅನ್ನುವ ಹಾಗೆ ಮಾಡುವುದು. ಇದರ ವಿರುದ್ಧವೇ 1984ರಲ್ಲಿ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಗ್ರಾಹಕರಿಗೆ ಮೋಸವಾಗದಂತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ, 'ಫ್ಯೂನರಲ್ ರೂಲ್' ಅನ್ನುವ ನಿಯಮ ತಂದಿತು. ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ದಯವಿಟ್ಟು ನೆನಪಿಡಿ. ಎದುರು ಕೂತು ಮಾತಾಡುವಾಗ ಬೆಲೆಪಟ್ಟಿಯನ್ನು ಬರಹದಲ್ಲಿ ಕೈಗೆ ಕೊಡಲೇಬೇಕು. ಫೋನಿನಲ್ಲಿ ಕೇಳಿದರೆ ಬೆಲೆ ಹೇಳಲೇಬೇಕು. ಕ್ರಿಮೇಷನ್‌ಗೆ ಕಾಸ್ಕೆಟ್ (ಶವಪೆಟ್ಟಿಗೆ) ಕೊಳ್ಳಲೇಬೇಕು ಅಂತ ಹೇಳುವಂತಿಲ್ಲ. ಬೇರೆ ಕಡೆ ಕೊಂಡ ಕಾಸ್ಕೆಟ್ ತಂದರೆ ಅದಕ್ಕೆ ಶುಲ್ಕ ಹಾಕುವಂತಿಲ್ಲ. ಕಾನೂನಿನಲ್ಲಿ ಇಲ್ಲದಿದ್ದರೂ ಎಂಬಾಮಿಂಗ್ ಕಡ್ಡಾಯ ಅಂತ ಸುಳ್ಳು ಹೇಳುವಂತಿಲ್ಲ. ಬೆಲೆ ಕೇಳಿದರೆ ಸತ್ತವರಿಗೆ ಅವಮಾನ ಅಂತ ನಮ್ಮ ಜನ ಸುಮ್ನೆ ಸಹಿ ಹಾಕಿಬಿಡುತ್ತಾರೆ. ಹಾಗೆ ಮಾಡಬೇಡಿ, ಕೇಳಿ. ಒಳ್ಳೆಯ ಮನೆಯವರು ನೀವು ಕೇಳುವ ಮೊದಲೇ ಪಟ್ಟಿ ಮುಂದಿಡುತ್ತಾರೆ.

ಫ್ಯೂನರಲ್ ಡೈರೆಕ್ಟರ್ಸ್ ಅಸೋಸಿಯೇಷನ್‌ನ 2023ರ ಲೆಕ್ಕದಲ್ಲಿ ದೇಹವನ್ನು ದರ್ಶನಕ್ಕಿಟ್ಟು ಹೂಳುವ ಅಂತ್ಯಕ್ರಿಯೆಯ ಮಧ್ಯಮ ಖರ್ಚು 8,300 ಡಾಲರ್. ದರ್ಶನದ ನಂತರ ಕ್ರಿಮೇಷನ್ ಆದರೆ 6,280. ದರ್ಶನವೂ ಬೇಡ, ನೇರ ಕ್ರಿಮೇಷನ್ ಸಾಕು ಅಂದರೆ ಇನ್ನೂ ಎಷ್ಟೋ ಕಡಿಮೆ. 1960ರಲ್ಲಿ ನೂರಕ್ಕೆ ನಾಲ್ಕು ಜನಕ್ಕೂ ಕ್ರಿಮೇಷನ್ ಆಗುತ್ತಿರಲಿಲ್ಲ. ಈಗ ನೂರಕ್ಕೆ ಅರವತ್ತು ದಾಟಿದೆ. ಜನರಿಗೆ ಖರ್ಚು ಉಳಿಯುತ್ತದೆ, ಒಳ್ಳೆಯದು. ಆದರೆ ತಿಂಗಳಿಗೆ ಏಳೆಂಟು ಸಾವು ಬರುವ ನಮ್ಮಂಥ ಮನೆಗೆ ಚಾವಣಿ ರಿಪೇರಿ, ವಾಹನ, ಸಂಬಳ ಎಲ್ಲ ಅದರಲ್ಲೇ ನಡೆಯಬೇಕು.

ಇಲ್ಲೇ ನನ್ನ ನಿಜವಾದ ಆತಂಕ ಇರುವುದು. ಅಮೆರಿಕದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಫ್ಯೂನರಲ್ ಹೋಮ್‌ಗಳಿವೆ. ಹತ್ತರಲ್ಲಿ ಒಂಬತ್ತರಷ್ಟು ಇನ್ನೂ ಕುಟುಂಬಗಳ, ಖಾಸಗಿ ಜನರ ಕೈಯಲ್ಲೇ ಇವೆ. ಉಳಿದವನ್ನು ದೊಡ್ಡ ಕಂಪನಿಗಳು ಕೊಂಡಿವೆ. 1962ರಲ್ಲಿ ಹ್ಯೂಸ್ಟನ್‌ನಲ್ಲಿ ರಾಬರ್ಟ್ ವಾಲ್‌ಟ್ರಿಪ್ ಶುರುಮಾಡಿದ ಸರ್ವಿಸ್ ಕಾರ್ಪೊರೇಷನ್ ಇಂಟರ್‌ನ್ಯಾಷನಲ್ ಇವತ್ತು ಎಲ್ಲಕ್ಕಿಂತ ದೊಡ್ಡದು. ಕೆನಡಾದ ಲೋವೆನ್ ಗ್ರೂಪ್ ಇನ್ನೊಂದಾಗಿತ್ತು. ಇಬ್ಬರು ಸ್ಥಾಪಕರೂ ಕುಟುಂಬದ ಫ್ಯೂನರಲ್ ಹೋಮ್‌ನಲ್ಲೇ ಬೆಳೆದವರು ಅನ್ನುವುದು ನನ್ನನ್ನು ಈಗಲೂ ಕಾಡುತ್ತದೆ. ಮಿಸಿಸಿಪಿಯ ಬಿಲಾಕ್ಸಿಯ ಜೆರೆಮಯಾ ಒಕೀಫ್ ಅನ್ನುವವರು, ತಲೆತಲಾಂತರದಿಂದ ಈ ಕೆಲಸ ಮಾಡಿಕೊಂಡು ಬಂದ ಮನೆಯವರು, ಒಪ್ಪಂದ ಮುರಿದರು ಅಂತ ಲೋವೆನ್ ಮೇಲೆ ಕೇಸು ಹಾಕಿದರು. 1995ರಲ್ಲಿ ಜ್ಯೂರಿ ಅವರ ಪರ 50 ಕೋಟಿ ಡಾಲರ್ ತೀರ್ಪು ಕೊಟ್ಟಿತು. ಮರುವರ್ಷ 17.5 ಕೋಟಿಗೆ ರಾಜಿಯಾಯಿತು. 1999ರಲ್ಲಿ ಲೋವೆನ್ ದಿವಾಳಿ ಅರ್ಜಿ ಹಾಕಿತು. ಅದರಿಂದ ಎದ್ದ ಹೊಸ ಕಂಪನಿಯನ್ನು 2006ರಲ್ಲಿ ಹ್ಯೂಸ್ಟನ್‌ನ ಆ ಸರ್ವಿಸ್ ಕಾರ್ಪೊರೇಷನ್‌ನವರೇ ಕೊಂಡರು.

ನಮ್ಮ ಮಾಲೀಕರಿಗೆ ಈಗ 67. ಮಗ, ಮಗಳು ಬೇರೆ ಕೆಲಸ ಹಿಡಿದು ದೂರ ಇದ್ದಾರೆ. ಎರಡು ತಿಂಗಳ ಹಿಂದೆ ಒಂದು ಕಂಪನಿಯಿಂದ ಪತ್ರ ಬಂತು. ಒಳ್ಳೆಯ ಬೆಲೆ. ಬೋರ್ಡಿನ ಮೇಲೆ ನಿಮ್ಮ ಕುಟುಂಬದ ಹೆಸರು ಹಾಗೇ ಇರುತ್ತದೆ, ಊರಿನವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ ಅಂತ ಬರೆದಿದ್ದರು.

ಆ ಸಾಲೇ ನನಗೆ ಹಿಡಿಸಲಿಲ್ಲ. ಊರಿನವರಿಗೆ ಗೊತ್ತಾಗಬೇಕು. ಬೋರ್ಡಿನ ಮೇಲೆ ಯಾರ ಹೆಸರಿದೆ ಅಂತ ನೋಡಿಯೇ ಅಲ್ವಾ ನಾನು ಆ ರಾತ್ರಿ ನರ್ಸಿಗೆ ಹೇಳಿದ್ದು? ಆ ಹೆಸರಿನವರು ಬಂದರು. ಮಾಲೀಕರು ಬದಲಾದರೆ ಬೋರ್ಡಿನ ಮೇಲೂ, ಬೆಲೆಪಟ್ಟಿಯ ಮೇಲೂ ಹೊಸ ಮಾಲೀಕರ ಹೆಸರು ದಪ್ಪ ಅಕ್ಷರದಲ್ಲಿ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಂಪನಿಯವರೆಲ್ಲ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಅಲ್ಲಿ ರಜೆ ಇದೆ, ಪಾಳಿ ಇದೆ. ಮಾಲೀಕರ ಹೆಂಡತಿ ಒಮ್ಮೆ ಹೇಳಿದರು, ಮದುವೆಯಾಗಿ ನಲವತ್ತೊಂದು ಕ್ರಿಸ್‌ಮಸ್‌ನಲ್ಲಿ ಪೂರ್ತಿ ಊಟ ಮುಗಿಸಿ ಎದ್ದದ್ದು ಹದಿಮೂರು ಸಲ ಅಂತೆ. ಲೆಕ್ಕ ಇಟ್ಟಿದ್ದಾರೆ ಪಾಪ. 2020ರ ಮಾರ್ಚ್‌ನಲ್ಲಿ ಹತ್ತು ಜನಕ್ಕಿಂತ ಹೆಚ್ಚು ಸೇರಬೇಡಿ ಅಂದಾಗ, ಹನ್ನೊಂದನೆಯ ಮೊಮ್ಮಗನನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿ, ಆಮೇಲೆ ಮಹಡಿಗೆ ಹೋಗಿ ಅತ್ತವರು ಅವರ ಗಂಡ. ಅವರು ಮಾರಿದರೆ ಅವರನ್ನು ದೂರುವ ಹಕ್ಕು ನನಗಿಲ್ಲ.

ಆದರೆ ಇನ್ನೊಂದು ದಾರಿ ನಮ್ಮ ಕಣ್ಣ ಮುಂದೇ ಇದೆ. ನಮ್ಮಲ್ಲಿ ಒಬ್ಬಳು ಹುಡುಗಿ ಅಪ್ರೆಂಟಿಸ್. ಇಪ್ಪತ್ತಾರು ವರ್ಷ. ಅಜ್ಜಿ ತೀರಿಕೊಂಡಾಗ ಇದೇ ಮನೆಗೆ ಬಂದವಳು, ಆಮೇಲೆ ಇದೇ ಓದಿದಳು. ಹಿಂದೆ ಇದು ಪೂರ್ತಿ ಗಂಡಸರ ಕೆಲಸವಾಗಿತ್ತು. ಈಗ ಈ ಓದಿಗೆ ಸೇರುವವರಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಹೆಣ್ಣುಮಕ್ಕಳೇ. ರಾತ್ರಿ ಫೋನ್ ಈಗ ಅವಳೂ ಎತ್ತುತ್ತಾಳೆ. ಹಾಸಿಗೆ ಒಪ್ಪ ಮಾಡಿಯೇ ಹೊರಡುತ್ತಾಳೆ, ಯಾರೂ ಹೇಳಬೇಕಿಲ್ಲ. ಮಾಲೀಕರು ಕಂತಿನಲ್ಲಿ ಅವಳಿಗೇ ಕೊಡಲು ತಯಾರಿದ್ದಾರೆ. ಊರಿನ ಬ್ಯಾಂಕು ಸಾಲದ ಅರ್ಜಿ ನೋಡುತ್ತಿದೆ. ಎಂಬಾಮಿಂಗ್ ಮಾಡುವವರು ಒಂದೇ ಮಾತು ಹೇಳಿದರು, "ಅವಳಿದ್ದರೆ ನಾನೂ ಇರುತ್ತೇನೆ."

ಅದಕ್ಕೆ ಮೊದಲು ಅವಳು ಲೈಸೆನ್ಸಿಗೆ ಬೇಕಾದ ನ್ಯಾಷನಲ್ ಬೋರ್ಡ್ ಪರೀಕ್ಷೆ ಪಾಸಾಗಬೇಕು. ಎರಡು ಭಾಗ, ಕಲೆ ಒಂದು, ವಿಜ್ಞಾನ ಒಂದು. ಕಲೆಯದ್ದು ಆಗಿದೆ. ವಿಜ್ಞಾನದ್ದು ಮುಂದಿನ ತಿಂಗಳು. ಕಂಪನಿಗೆ ಅಲ್ಲಿಯವರೆಗೆ ಕಾಯಿರಿ ಅಂತ ಮಾಲೀಕರು ಉತ್ತರ ಬರೆದರು, ಟೈಪ್ ಮಾಡಿದ್ದು ನಾನೇ.

ಚಿಕ್ಕಮ್ಮ, ನಿಮ್ಮ ಫೋನ್ ಬಂದ ದಿನ ನಾನು ಬೇಗ ಇಟ್ಟುಬಿಟ್ಟೆ ಅಲ್ವಾ? ಅವಳು ಎದುರಿಗೇ ಕೂತಿದ್ದಳು. ಪುಸ್ತಕ ನನ್ನ ಕೈಯಲ್ಲಿತ್ತು. ಕತ್ತಿನ ರಕ್ತನಾಳಗಳ ಹೆಸರು ಕೇಳುತ್ತಿದ್ದೆ. ಹದಿನೆಂಟರಲ್ಲಿ ಹದಿನೇಳು ಸರಿ ಹೇಳಿದಳು.